ಮಾರುವವನ ಮೌನವೂ ಹುಸಿಯೇ

ಧರ್ಮವೆಂಬುದು ಗುಡಿ-ಮಠಗಳ ಹೊಸ್ತಿಲೊಳಗೆ ಮುಗಿದುಹೋಗುವ ವಸ್ತುವಲ್ಲ; ಅದು ಹೊಲದಲ್ಲಿ, ಅಂಗಡಿಯಲ್ಲಿ, ಸಂತೆಯಲ್ಲಿ ಪರೀಕ್ಷೆಗೆ ಒಳಗಾಗಬೇಕೆಂದು ಹನ್ನೆರಡನೆಯ ಶತಮಾನದ ಶರಣರು ಸಾರಿದರು. ಕಾಯಕ ಶುದ್ಧವಾಗಿರದಿದ್ದರೆ ಅದರಿಂದ ನಡೆಯುವ ದಾಸೋಹವೂ ಶುದ್ಧವಲ್ಲವೆಂಬುದು ಅವರ ಖಚಿತವಾದ ನಿಲುವು. ಶ್ರಾವಣ ಮಾಸದ ಪ್ರವಚನಗಳಲ್ಲಿ ಈ ಮಾತನ್ನು ಕೇಳಿ ನಾವೆಲ್ಲರೂ ತಲೆದೂಗುತ್ತೇವೆ. ಆದರೆ ಪ್ರವಚನ ಮುಗಿದ ಮರುದಿನ ಮನೆಯ ಹಳೆಯ ಟ್ರ್ಯಾಕ್ಟರನ್ನೋ, ಹೆಗಲು ಕೆಟ್ಟ ಎತ್ತನ್ನೋ, ಒಮ್ಮೆ ಸುಟ್ಟು ರಿವೈಂಡಿಂಗ್ ಆದ ಪಂಪ್‌ಸೆಟ್ಟಿನ ಮೋಟರನ್ನೋ ಮಾರಲು ಹೊರಟಾಗ ನಮ್ಮಲ್ಲಿ ಎಷ್ಟು ಜನರ ನಾಲಗೆ ಆ ಮಾತಿಗೆ ಬದ್ಧವಾಗಿರುತ್ತದೆ? ಸುಳ್ಳು ಹೇಳುವವರು ಕೆಲವರಿರಬಹುದು. ಗೊತ್ತಿದ್ದೂ ಸುಮ್ಮನಿರುವವರು ಬಹಳ ಜನ. ಈ ಲೇಖನದ ಆಕ್ಷೇಪವು ಮುಖ್ಯವಾಗಿ ಆ ಎರಡನೆಯವರ ಮೇಲಿದೆ. ಏಕೆಂದರೆ ಅವರು ತಮ್ಮನ್ನು ಸತ್ಯವಂತರೆಂದೇ ಭಾವಿಸಿಕೊಂಡಿದ್ದಾರೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಸೀಮೆಯಲ್ಲಿ ಬಳಸಿದ ವಸ್ತುವಿನ ಕೊಡು-ಕೊಳ್ಳುವಿಕೆ ಸಣ್ಣ ಸಂಗತಿಯಲ್ಲ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಹರಿದು, ಕಬ್ಬು ಬೆಳೆದು, ಟ್ರ್ಯಾಕ್ಟರು-ಟ್ರೇಲರುಗಳು ಬಂದವು. ಆದರೆ ಹೊಸ ಯಂತ್ರವನ್ನು ನೇರವಾಗಿ ಕೊಳ್ಳುವ ಶಕ್ತಿ ಎಷ್ಟು ಮನೆಗಳಿಗಿದೆ? ನಾಲ್ಕಾರು ಎಕರೆಯ ಒಕ್ಕಲಿಗನ ಮನೆಗೆ ಬರುವ ಮೊದಲನೆಯ ಟ್ರ್ಯಾಕ್ಟರು ಸಾಮಾನ್ಯವಾಗಿ ಇನ್ನೊಬ್ಬರು ಉಳಿಮೆ ಮಾಡಿ ಬಿಟ್ಟದ್ದೇ ಆಗಿರುತ್ತದೆ. ರಾಮದುರ್ಗದ ನೇಕಾರನು ಎರಡನೆಯ ಮಗ್ಗ ಹೂಡಬೇಕೆಂದರೆ ಹಳೆಯ ಮಗ್ಗವನ್ನೇ ಹುಡುಕುತ್ತಾನೆ. ಕಾಲೇಜಿಗೆ ಹೋಗುವ ಮಗನ ಮೋಟರ್‌ಸೈಕಲ್, ಮಗಳ ಹೊಲಿಗೆಯಂತ್ರ, ಕಟ್ಟುವ ಮನೆಗೆ ಬೇಕಾದ ತೊಲೆ-ಬಾಗಿಲು, ಎಲ್ಲವೂ ಕೈಯಿಂದ ಕೈಗೆ ಬಂದವು. ಹೊಸದನ್ನು ಕೊಂಡವನಿಗೆ ಬಿಲ್ಲು ಇದೆ, ವಾರಂಟಿ ಇದೆ, ದೂರು ಹೇಳಲು ಕಂಪನಿಯ ಬಾಗಿಲಿದೆ. ಹಳೆಯದನ್ನು ಕೊಂಡವನಿಗೆ ಇರುವುದು ಮಾರಿದವನ ಮಾತು ಒಂದೇ. ಆ ಮಾತು ಪೊಳ್ಳಾದರೆ ಅವನು ಕಳೆದುಕೊಳ್ಳುವುದು ಕೇವಲ ಹಣವನ್ನಲ್ಲ. ಒಂದು ಹಂಗಾಮಿನ ಬಿತ್ತಿಗೆಯನ್ನು, ಕೈಗಡವಾಗಿ ಕೊಟ್ಟ ಬೀಗರ ವಿಶ್ವಾಸವನ್ನು, ಮಗಳ ಮದುವೆಗೆಂದು ಕೂಡಿಟ್ಟದ್ದನ್ನು.

ಮೋಸದ ಬಗೆಗಳನ್ನು ಬಲ್ಲವರಿಗೆ ಹೇಳಿಕೊಡಬೇಕಾಗಿಲ್ಲ. ಹೊಗೆಯುಗುಳುವ ಇಂಜಿನಿಗೆ ದಪ್ಪ ಎಣ್ಣೆ ಹಾಕಿ ಒಂದು ದಿನದ ಮಟ್ಟಿಗೆ ಹೊಗೆ ಅಡಗಿಸುವುದು, ಒಡೆದು ಬೆಸುಗೆ ಹಾಕಿದ ಭಾಗದ ಮೇಲೆ ಹೊಸ ಬಣ್ಣ ಬಳಿಯುವುದು, ಓಡಿದ ಕಿಲೋಮೀಟರು ತೋರಿಸುವ ಮೀಟರನ್ನು ಹಿಂದೆ ತಿರುಗಿಸುವುದು, ತಾಮ್ರದ ತಂತಿಯೆಂದು ಹೇಳಿ ಅಲ್ಯೂಮಿನಿಯಂ ಸುತ್ತಿದ ಮೋಟರನ್ನು ದಾಟಿಸುವುದು, ಕೊಂಬು ಹೆರೆದು ಎಣ್ಣೆ ಸವರಿ ಬಾಯಿಗೂಡಿದ ಎತ್ತನ್ನು ಹರೆಯದ್ದೆಂದು ನಿಲ್ಲಿಸುವುದು, ಹಿಂದಿನ ಹೊತ್ತು ಹಾಲು ಕರೆಯದೆ ಕೆಚ್ಚಲು ತುಂಬಿಸಿ ಆಕಳನ್ನು ಸಂತೆಗೆ ತರುವುದು: ಇವೆಲ್ಲ ನಡೆಯುತ್ತಿವೆ. ಇವನ್ನು ಮಾಡಿದವನನ್ನು ಊರು ಬೈಯುವುದು ಬಿಟ್ಟು ‘ಜಾಣ’ನೆಂದು ಕರೆಯುತ್ತಿರುವುದು ಅವೆಲ್ಲಕ್ಕಿಂತ ದೊಡ್ಡ ಅನಾಹುತ. ಮೋಸ ಹೋದವನು ಬಂದು ಅತ್ತರೆ, “ಕೊಳ್ಳುವಾಗ ನಿನ್ನ ಕಣ್ಣು ಎಲ್ಲಿದ್ದವು?” ಎಂಬುದೇ ನಮ್ಮ ಪಂಚರ ತೀರ್ಪು. ಕದ್ದವನನ್ನು ಬಿಟ್ಟು ಕಳೆದುಕೊಂಡವನನ್ನು ವಿಚಾರಣೆಗೆ ನಿಲ್ಲಿಸುವ ಈ ನ್ಯಾಯ ಯಾವ ಧರ್ಮದ್ದು?

ಸರಕಾರದ ಕಾನೂನೇ ಹೀಗೆಂದು ಕೆಲವರು ವಾದಿಸುತ್ತಾರೆ. ಕೊಳ್ಳುವವನೇ ಎಚ್ಚರವಾಗಿರಬೇಕೆಂಬ ಇಂಗ್ಲಿಷರ ಹಳೆಯ ಸೂತ್ರವು ನಮ್ಮ ಕಾನೂನಿನಲ್ಲಿಯೂ ಉಂಟೆಂಬುದು ನಿಜ. ಆದರೆ ಅದು ಹೇಳುವುದು ಅಷ್ಟನ್ನೇ ಅಲ್ಲ. ೧೮೭೨ರ ಭಾರತೀಯ ಕರಾರು ಅಧಿನಿಯಮದ ೧೭ನೆಯ ಕಲಮನ್ನು ತೆರೆದು ನೋಡಬೇಕು. ನಿಜವಲ್ಲವೆಂದು ತಿಳಿದೂ ನಿಜವೆಂದು ಹೇಳುವುದು ವಂಚನೆ. ಗೊತ್ತಿರುವ ಸಂಗತಿಯನ್ನು ಉಪಾಯ ಮಾಡಿ ಮರೆಮಾಚುವುದೂ ವಂಚನೆ. ಬಣ್ಣ ಬಳಿಯುವುದು, ಮೀಟರು ತಿರುಗಿಸುವುದು, ದಪ್ಪ ಎಣ್ಣೆ ಹಾಕುವುದು ಇವೆಲ್ಲ ಈ ಎರಡನೆಯ ಬಗೆಯವು. ಬಾಯಿಬಿಟ್ಟು ಒಂದು ಸುಳ್ಳನ್ನೂ ಹೇಳದಿದ್ದರೂ ಕೈ ಹೇಳಿದ ಸುಳ್ಳು ಸುಳ್ಳೇ ಎಂದು ಕಾನೂನು ಒಂದೂವರೆ ಶತಮಾನದ ಹಿಂದೆಯೇ ಬರೆದಿಟ್ಟಿದೆ. ೧೮ನೆಯ ಕಲಮು ಇನ್ನೂ ಮುಂದೆ ಹೋಗಿ, ಆಧಾರವಿಲ್ಲದೆ ಖಚಿತವಾಗಿ ಹೇಳಿದ ಮಾತು ಸುಳ್ಳಾದರೆ, ಹೇಳಿದವನು ಅದನ್ನು ನಿಜವೆಂದೇ ನಂಬಿದ್ದರೂ, ಅದು ತಪ್ಪು ನಿರೂಪಣೆ ಎನ್ನುತ್ತದೆ. ‘ನನಗೇನು ಗೊತ್ತಿತ್ತು’ ಎಂಬ ನೆಪಕ್ಕೆ ಅಲ್ಲಿಯೂ ಪೂರ್ತಿ ಆಸರೆಯಿಲ್ಲ. ‘ಬಂಗಾರದಂಥ ಎತ್ತು’ ಎಂದು ಹೊಗಳಿದರೆ ಅದು ಬರಿಯ ಹೊಗಳಿಕೆ. ‘ಇಂಜಿನ್ ಬಿಚ್ಚಿಲ್ಲ, ಅಪಘಾತವಾಗಿಲ್ಲ’ ಎಂದರೆ ಅದು ಸಂಗತಿ. ಆ ಮಾತಿಗೆ ಮಾರುವವನು ಬದ್ಧ.

ಇನ್ನು ಮೌನದ ವಿಚಾರ. ಇಲ್ಲಿಯೇ ನಮ್ಮ ‘ಸತ್ಯವಂತ’ರು ಅಡಗಿಕೊಳ್ಳುವ ಮರೆಯಿರುವುದು. ಬರಿಯ ಮೌನ ವಂಚನೆಯಲ್ಲವೆಂದು ಅದೇ ೧೭ನೆಯ ಕಲಮಿನ ವಿವರಣೆ ಹೇಳುತ್ತದೆ. ಅದನ್ನು ತಿಳಿಸಲು ಅಲ್ಲಿ ಒಂದು ಕುದುರೆಯ ದೃಷ್ಟಾಂತಗಳಿವೆ. ನಮ್ಮ ನಾಡಿಗೆ ಹೊಂದುವಂತೆ ಕುದುರೆಯ ಜಾಗದಲ್ಲಿ ಎತ್ತನ್ನು ಕಟ್ಟಿ ನೋಡೋಣ. ಎತ್ತಿಗೆ ಕುಂದಿದೆಯೆಂದು ಮಾರುವವನಿಗೆ ಗೊತ್ತು, ಅವನು ಲಿಲಾವಿನಲ್ಲಿ ಏನನ್ನೂ ಹೇಳದೆ ಅದನ್ನು ಮಾರುತ್ತಾನೆ, ಇದು ವಂಚನೆಯಲ್ಲ. ಇದಿಷ್ಟನ್ನೇ ಓದಿ ಪುಸ್ತಕ ಮುಚ್ಚುವವರಿದ್ದಾರೆ. ಮುಂದಿನ ಎರಡು ದೃಷ್ಟಾಂತಗಳನ್ನು ಅವರು ಓದಬೇಕು. ಕೊಳ್ಳಲು ಬಂದವಳು ಮಾರುವವನ ಮಗಳು, ಆಗ ತಾನೆ ವಯಸ್ಸಿಗೆ ಬಂದವಳು. ಅಲ್ಲಿ ಆ ಸಂಬಂಧವೇ ತಂದೆಗೆ ಕುಂದನ್ನು ಹೇಳುವ ಕರ್ತವ್ಯವನ್ನು ಹೊರಿಸುತ್ತದೆ. ಮತ್ತೊಬ್ಬನು, “ನೀವು ಅಲ್ಲವೆನ್ನದಿದ್ದರೆ ಎತ್ತಿನಲ್ಲಿ ಊನವಿಲ್ಲವೆಂದೇ ತಿಳಿಯುತ್ತೇನೆ” ಎನ್ನುತ್ತಾನೆ, ಮಾರುವವನು ಸುಮ್ಮನಿರುತ್ತಾನೆ, ಅಲ್ಲಿ ಆ ಮೌನ ಮಾತಿಗೆ ಸಮಾನ, ಅದು ಸುಳ್ಳಾದರೆ ವಂಚನೆ.

ಸದ್ಭಕ್ತರೇ, ಈ ಎರಡನೆಯ ದೃಷ್ಟಾಂತವನ್ನು ಸ್ವಲ್ಪ ನಿಂತು ಯೋಚಿಸಬೇಕು. ಪರದೇಶದ ಅರಸರ ಕಾಲದಲ್ಲಿ, ಪರದೇಶದವರು ಬರೆದ ಕಾನೂನು ಕೂಡ ನಂಬಿಕೆಯ ಸಂಬಂಧವಿರುವಲ್ಲಿ ಮೌನಕ್ಕೆ ಅವಕಾಶ ಕೊಡಲಿಲ್ಲ. ಒಬ್ಬ ಗುರುವಿನ ಮುಂದೆ ತಲೆಬಾಗಿದವರು, ಒಂದೇ ಪಂಕ್ತಿಯಲ್ಲಿ ಪ್ರಸಾದ ಉಂಡವರು, ಒಂದೇ ಉಚಿತ ಪ್ರಸಾದನಿಲಯದಲ್ಲಿ ಓದಿ ಬೆಳೆದವರು, ಒಬ್ಬರನ್ನೊಬ್ಬರು ಅಣ್ಣ-ಅಕ್ಕ ಎಂದು ಕರೆಯುವವರು, ನಮ್ಮ ನಡುವೆ ಇರುವುದು ಲಿಲಾವಿನ ಸಂಬಂಧವೋ, ತಂದೆ-ಮಗಳ ಸಂಬಂಧವೋ? ಮಗಳಿಗೆ ಹೇಳಬೇಕಾದದ್ದನ್ನು ಶರಣಬಂಧುವಿಗೆ ಹೇಳಬಾರದೇಕೆ? ಹಾಗೆಂದು ಇದು ಲಿಂಗವಂತರು ಲಿಂಗವಂತರಿಗೆ ಮಾತ್ರ ಸತ್ಯ ಹೇಳಬೇಕೆಂಬ ಮಾತೂ ಅಲ್ಲ. ಎದುರು ಬಂದವನನ್ನು ನಮ್ಮವನೆಂದೇ ಎಣಿಸಬೇಕೆಂಬುದು ಬಸವಧರ್ಮದ ಮೊದಲ ಪಾಠ. ಆದುದರಿಂದ ಕುಲ ಕೇಳಿ ಕುಂದು ಹೇಳುವ ಹಾಗಿಲ್ಲ. ನ್ಯಾಯಾಲಯವು ಲಿಲಾವಿನ ಅಪರಿಚಿತನಿಗೆ ಕೊಟ್ಟ ಮೌನದ ಸವಲತ್ತನ್ನು ಬಸವಭಕ್ತನು ಯಾರ ಮುಂದೆಯೂ ಬಳಸತಕ್ಕದ್ದಲ್ಲ.

ಕಾನೂನಿನ ಇನ್ನೊಂದು ಮುಖವನ್ನೂ ಹೇಳಬೇಕು. ೨೦೨೪ರ ಜುಲೈ ೧ರಿಂದ ಹಳೆಯ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಜನರ ಬಾಯಲ್ಲಿ ‘ಚಾರ್‌ಸೌ ಬೀಸ್’ ಎಂದೇ ನಿಂತ ೪೨೦ನೆಯ ಕಲಮಿನ ಅಪರಾಧವೀಗ ೩೧೮ನೆಯ ಕಲಮಿನಲ್ಲಿದೆ. ಮೋಸದಿಂದ ಸ್ವತ್ತು ಕಸಿದುಕೊಂಡರೆ ಏಳು ವರ್ಷಗಳವರೆಗೆ ಸೆರೆಮನೆ ಮತ್ತು ದಂಡ. ಅಪ್ರಾಮಾಣಿಕ ಬುದ್ಧಿಯಿಂದ ಸಂಗತಿಯನ್ನು ಮುಚ್ಚಿಡುವುದೂ ಮೋಸವೇ ಎಂದು ಅದರ ವಿವರಣೆ ಸ್ಪಷ್ಟವಾಗಿ ನುಡಿಯುತ್ತದೆ. ಆದರೆ ವ್ಯವಹಾರ ಕೆಟ್ಟ ಮಾತ್ರಕ್ಕೆ ಪೊಲೀಸ್ ಠಾಣೆಗೆ ಓಡುವುದರಿಂದ ಫಲವಿಲ್ಲ. ಆರಂಭದಲ್ಲಿಯೇ ಮೋಸದ ಉದ್ದೇಶವಿತ್ತೆಂದು ತೋರಿಸಬೇಕೆಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ. ಬಾಯಿಮಾತಿನ ವ್ಯವಹಾರದಲ್ಲಿ ಇದನ್ನು ತೋರಿಸುವುದು ಹೇಗೆ?

ಸಿವಿಲ್ ದಾರಿಯೂ ಸುಗಮವಲ್ಲ. ೧೯೩೦ರ ಸರಕು ಮಾರಾಟ ಅಧಿನಿಯಮವು ಮಾಲು ಉಪಯೋಗಕ್ಕೆ ತಕ್ಕದ್ದಿರಬೇಕು, ಮಾರಾಟಯೋಗ್ಯವಾಗಿರಬೇಕು ಎಂಬ ಷರತ್ತುಗಳನ್ನು ಹೊರಿಸುವುದು ಆ ಮಾಲಿನ ವ್ಯಾಪಾರವನ್ನೇ ಉದ್ಯೋಗ ಮಾಡಿಕೊಂಡವನ ಮೇಲೆ. ಒಕ್ಕಲಿಗನೊಬ್ಬನು ತನ್ನ ಹಳೆಯ ಟ್ರ್ಯಾಕ್ಟರನ್ನು ನೆರೆಯವನಿಗೆ ಮಾರಿದರೆ ಆ ಷರತ್ತುಗಳು ಅವನಿಗೆ ತಟ್ಟುವುದಿಲ್ಲ. ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮವೂ ಅಂಥ ಮನೆಮಾರಾಟಕ್ಕೆ ಬಾಗಿಲು ತೆರೆಯುವುದಿಲ್ಲ. ಅದು ವ್ಯಾಪಾರಿಯ ವಿರುದ್ಧದ ಅಸ್ತ್ರ. ಉಳಿದವು ಎರಡು ಆಸರೆಗಳು. ಯಾವ ವರ್ಣನೆ ಹೇಳಿ ಮಾರಿದನೋ, ಇಂಥ ವರ್ಷದ ಮಾಡೆಲ್, ಇಷ್ಟು ಅಶ್ವಶಕ್ತಿ ಎಂದು, ಮಾಲು ಆ ವರ್ಣನೆಗೆ ಹೊಂದಿರಲೇಬೇಕು. ಮಾರುವ ಹಕ್ಕು ಮಾರುವವನಿಗೆ ಇರಲೇಬೇಕು, ಮಾಲಿನ ಮೇಲೆ ಮುಚ್ಚಿಟ್ಟ ಬೋಜಾ ಇರಬಾರದು. ಈ ಎರಡು ಎಲ್ಲರಿಗೂ ಅನ್ವಯಿಸುತ್ತವೆ. ವಂಚನೆ ಸಿದ್ಧವಾದರೆ ಕರಾರನ್ನು ರದ್ದುಪಡಿಸಿ ಹಣ ಹಿಂದಕ್ಕೆ ಕೇಳಬಹುದು. ಮೂರು ವರ್ಷಗಳ ಅವಧಿಯು ವಂಚನೆ ತಿಳಿದಂದಿನಿಂದ ಎಣಿಕೆಯಾಗುತ್ತದೆ. ಆದರೆ ಬರಿಯ ಮೌನದಿಂದಾದ ವಂಚನೆಯಲ್ಲಿ, ಸಾಧಾರಣ ಎಚ್ಚರದಿಂದ ನಿಜವನ್ನು ತಿಳಿಯಬಹುದಾಗಿತ್ತೆಂದು ಕಂಡುಬಂದರೆ ಆ ಹಕ್ಕೂ ಹೋಗುತ್ತದೆಂದು ೧೯ನೆಯ ಕಲಮು ಎಚ್ಚರಿಸುತ್ತದೆ.

ವಾಹನಗಳಲ್ಲಿಯಂತೂ ಮುಚ್ಚಿಟ್ಟ ಸಾಲವೇ ದೊಡ್ಡ ಕಂಟಕ. ಫೈನಾನ್ಸ್ ಕಂಪನಿಯ ಸಾಲ ಹರಿಯದ ಟ್ರ್ಯಾಕ್ಟರನ್ನು ‘ಕಾಗದ ಆಮೇಲೆ ಮಾಡಿಕೊಡುತ್ತೇನೆ’ ಎಂದು ಮಾರುತ್ತಾರೆ. ಎರಡು ಹಂಗಾಮು ಕಳೆಯುವಷ್ಟರಲ್ಲಿ ಕಂಪನಿಯವರು ಬಂದು ಹೊಲದಿಂದಲೇ ಎಳೆದುಕೊಂಡು ಹೋಗುತ್ತಾರೆ. ಆರ್.ಸಿ. ಪುಸ್ತಕದಲ್ಲಿ ಸಾಲದ ನಮೂದು ಇದೆಯೇ ಎಂಬುದನ್ನು ನೋಡದೆ ಇಸಾರ ಕೊಡಬಾರದು. ಸಾಲ ಹರಿದಿದ್ದರೆ ಸಾಲ ಕೊಟ್ಟವರ ಸಹಿಯುಳ್ಳ ನಮೂನೆ ೩೫ನ್ನು ಕೇಳಬೇಕು. ೧೯೮೮ರ ಮೋಟಾರು ವಾಹನ ಅಧಿನಿಯಮದ ೫೦ನೆಯ ಕಲಮಿನ ಪ್ರಕಾರ ರಾಜ್ಯದೊಳಗೆ ಮಾರಿದವನು ೧೪ ದಿನಗಳಲ್ಲಿ, ಕೊಂಡವನು ೩೦ ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. ಇದು ಕೊಳ್ಳುವವನ ಹಿತಕ್ಕೆ ಮಾತ್ರವೆಂದು ತಿಳಿಯಬೇಡಿರಿ. ಮಾರಿದ ಮೇಲೂ ದಾಖಲೆಯಲ್ಲಿ ಯಾರ ಹೆಸರು ಉಳಿದಿರುತ್ತದೆಯೋ ಅವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ೨೦೧೮ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಕಾಗದವನ್ನು ಬಚ್ಚಿಟ್ಟು ಮಾರಿದವನ ಕೊರಳಿಗೆ ಆ ಕಾಗದವೇ ಸುತ್ತಿಕೊಳ್ಳುತ್ತದೆ.

ಮಾರುವವನು ತಾನಾಗಿಯೇ ಕುಂದು ಹೇಳಬೇಕೆಂಬುದು ಮಠದವರ ಆದರ್ಶ, ಲೋಕದಲ್ಲಿ ನಡೆಯುವಂಥದಲ್ಲ ಎಂದು ನಗುವವರಿಗೆ ಇತಿಹಾಸವೇ ಉತ್ತರ ಕೊಡುತ್ತದೆ. ಪ್ರಾಚೀನ ರೋಮ್ ನಗರದ ಸಂತೆಯ ಅಧಿಕಾರಿಗಳು ದನಗಳನ್ನು ಮಾರುವವನು ಅವುಗಳ ರೋಗ-ಊನಗಳನ್ನು ಬಹಿರಂಗವಾಗಿ ಹೇಳತಕ್ಕದ್ದೆಂದು ಆಜ್ಞೆ ಹೊರಡಿಸಿದ್ದರು. ಹೇಳದಿದ್ದರೆ ಆರು ತಿಂಗಳೊಳಗೆ ಹಿಂದಿರುಗಿಸಬಹುದಾಗಿತ್ತು. ಅಷ್ಟು ದೂರ ಹೋಗುವುದೇಕೆ? ಬಸವಣ್ಣನವರ ಕಾರ್ಯಕ್ಷೇತ್ರವಾದ ಕಲ್ಯಾಣದಲ್ಲಿಯೇ, ಅವರಿಗಿಂತ ಕೆಲವು ದಶಕಗಳ ಹಿಂದೆ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದನು. ಆ ಸ್ಮೃತಿಯು ಕೊಂಡ ವಸ್ತುವನ್ನು ಪರೀಕ್ಷಿಸಲು ಅವಧಿ ಗೊತ್ತುಮಾಡಿದೆ: ಬೀಜಕ್ಕೆ ೧೦ ದಿನ, ಕಬ್ಬಿಣಕ್ಕೆ ೧ ದಿನ, ಎಳೆಯುವ-ಹೊರುವ ಪ್ರಾಣಿಗೆ ೫ ದಿನ, ರತ್ನಕ್ಕೆ ೭ ದಿನ, ಕರೆಯುವ ಪ್ರಾಣಿಗೆ ೩ ದಿನ. ಅದೇ ಪಟ್ಟಿಯಲ್ಲಿ ಹೆಣ್ಣನ್ನೂ ಗಂಡನ್ನೂ ಮಾರಾಟದ ವಸ್ತುವಾಗಿ ಸೇರಿಸಿದ ಸ್ಮೃತಿ ಅದು. ಮನುಷ್ಯರನ್ನು ಮಾರುವ ಆ ಸಮಾಜವನ್ನು ಶರಣರು ತಿರಸ್ಕರಿಸಿದರು, ಅದು ಸರಿಯಾದುದೇ. ಆದರೆ ನಾವು ಸ್ಮೃತಿಯನ್ನು ತಿರಸ್ಕರಿಸಿದೆವೆಂದು ಹೆಮ್ಮೆಪಡುತ್ತ, ಆ ಸ್ಮೃತಿಯು ಎತ್ತು ಕೊಂಡವನಿಗೆ ಕೊಟ್ಟ ಐದು ದಿನಗಳನ್ನೂ ಕೊಡದೆ ಹೋದರೆ ನಮ್ಮ ತಿರಸ್ಕಾರಕ್ಕೆ ಏನು ಬೆಲೆ?

ಲಾಭ-ನಷ್ಟದ ಭಾಷೆಯನ್ನೇ ಬಲ್ಲವರಿಗೆ ಆ ಭಾಷೆಯಲ್ಲಿಯೇ ಒಂದು ಮಾತು. ಅಮೇರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ ೧೯೭೦ರಲ್ಲಿ ಹಳೆಯ ಮೋಟಾರುಗಾಡಿಗಳ ಪೇಟೆಯನ್ನು ಕುರಿತು ಒಂದು ಪ್ರಬಂಧ ಬರೆದರು; ಇಂಥ ಪೇಟೆಗಳ ವಿಶ್ಲೇಷಣೆಗಾಗಿ ೨೦೦೧ರಲ್ಲಿ ಇನ್ನಿಬ್ಬರೊಡನೆ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಅದರ ಸಾರಾಂಶ ನಮ್ಮ ಒಕ್ಕಲಿಗನಿಗೂ ತಿಳಿಯುವಂಥದು. ಗಾಡಿಯ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಮೋಸದ ಭಯದಿಂದ ಕೊಳ್ಳುವವನು ಎಲ್ಲ ಗಾಡಿಗಳಿಗೂ ಕೆಟ್ಟ ಗಾಡಿಯ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರದೆ ಹಿಂದೆಗೆಯುತ್ತಾನೆ. ಕೊನೆಗೆ ಪೇಟೆಯಲ್ಲಿ ಉಳಿಯುವವು ಕೆಟ್ಟ ಗಾಡಿಗಳೇ. ಮಗುವಿನಂತೆ ಸಾಕಿದ ಜೋಡೆತ್ತಿಗೆ ತಕ್ಕ ಬೆಲೆ ಬರಲಿಲ್ಲವೆಂದು ಮರುಗುವ ಸಜ್ಜನನು ತಿಳಿಯಬೇಕು: ಅವನ ಹಣವನ್ನು ಕಸಿದವನು ಬೆಲೆ ಕೇಳಿದ ಗಿರಾಕಿಯಲ್ಲ, ಅದೇ ಸಂತೆಯಲ್ಲಿ ಹಿಂದಿನ ವಾರ ಆ ಗಿರಾಕಿಗೆ ಮೋಸ ಮಾಡಿದ ಜಾಣ.

ನೆಪಗಳಿಗೆ ಕೊನೆಯಿಲ್ಲ. ‘ನನಗೂ ಹೀಗೆಯೇ ಗಂಟು ಬಿದ್ದಿತ್ತು, ನಾನೂ ದಾಟಿಸಿದೆ’ ಎನ್ನುತ್ತಾರೆ. ಕಳವಿನ ಮಾಲು ಕೈ ಬದಲಾದರೆ ಕಳವು ಕರಗುವುದುಂಟೇ? ‘ಹೇಳಿದ್ದು ನಾನಲ್ಲ, ದಲಾಲಿ’ ಎನ್ನುತ್ತಾರೆ. ಅಡತಿಯವನು ನಮ್ಮ ಪರವಾಗಿ ವ್ಯವಹಾರದಲ್ಲಿ ಮಾಡಿದ ವಂಚನೆಯು ನಾವೇ ಮಾಡಿದಂತೆ ಎಂದು ಕರಾರು ಅಧಿನಿಯಮದ ೨೩೮ನೆಯ ಕಲಮು ಹೇಳುತ್ತದೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಮುರಿದವನು ದಲಾಲಿಯಾದರೂ ಹಣ ಎಣಿಸಿಕೊಂಡವರು ನಾವು. ‘ಇದ್ದಂತೆಯೇ ಕೊಡುತ್ತೇನೆಂದು ಹೇಳಿದ್ದೆ’ ಎನ್ನುತ್ತಾರೆ. ಆ ಮಾತು ಕಾಣದ ಕುಂದಿಗೆ ಕಾವಲಾಗಬಹುದು, ಹೇಳಿದ ಸುಳ್ಳಿಗೆ ಆಗದು. ‘ನಿಜ ಹೇಳಿದರೆ ಬೆಲೆ ಬರದು’ ಎನ್ನುತ್ತಾರೆ. ನಿಜ ಹೇಳಿದಾಗ ಬಂದದ್ದೇ ಅದರ ಬೆಲೆ. ಅದರ ಮೇಲೆ ಬಂದದ್ದು ಇನ್ನೊಬ್ಬನ ಗಂಟು. ಕೊಳ್ಳುವವರೂ ಇದಕ್ಕೆ ಹೊರತಲ್ಲ. ಹಳೆಯ ಮನೆಯ ಕೆತ್ತನೆಯ ಬಾಗಿಲಿನ ಬೆಲೆ ಬಲ್ಲವನು, ಅದನ್ನರಿಯದ ವಿಧವೆ ತಾಯಿಗೆ ಉರುವಲಿನ ದರ ಕೊಟ್ಟು ಹೊತ್ತುಕೊಂಡು ಹೋದರೆ ಅವನೂ ಅದೇ ಸಾಲಿನಲ್ಲಿ ನಿಲ್ಲತಕ್ಕವನು.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆಯನ್ನು ನಮ್ಮ ಮಠಗಳ ಅಂಗಳದಲ್ಲಿ ಕೇಳದವರಾರು? ಎಂದಿನ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಗಂಡನು ತಂದಾಗ ಲಕ್ಕಮ್ಮನು ಅದನ್ನು ಸುರಿದು ಬರಲು ಹಿಂದಕ್ಕೆ ಕಳುಹಿಸಿದಳು. ಆ ಅಕ್ಕಿ ಕದ್ದದ್ದಲ್ಲ, ನೆಲದ ಮೇಲೆ ಬಿದ್ದದ್ದು. ಯಾರೂ ಕೇಳುತ್ತಿರಲಿಲ್ಲ, ಯಾವ ಕಾನೂನೂ ತಡೆಯುತ್ತಿರಲಿಲ್ಲ. ಆದರೂ ತಮ್ಮ ಕಾಯಕಕ್ಕೆ ಸಲ್ಲದ್ದು ತಮ್ಮ ಮನೆಗೆ ಬೇಡವೆಂದಳು. ಕಾನೂನು ಬಿಟ್ಟುಕೊಟ್ಟದ್ದನ್ನೂ ಬೇಡವೆನ್ನುವ ಎದೆಗಾರಿಕೆಯೇ ಶರಣಧರ್ಮ. ಬಿದ್ದ ಅಕ್ಕಿಯನ್ನೇ ಆಕೆ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ನಾವು ಮುಚ್ಚಿಟ್ಟ ಕುಂದಿನ ಹಣದಿಂದ ಮಠದ ಜಾತ್ರೆಗೆ ಅಕ್ಕಿಯ ಚೀಲ ಕಳುಹಿಸಿ ದಾಸೋಹವೆನ್ನುತ್ತೇವೆ.

ಬರಿದೆ ಖಂಡಿಸಿ ಕೈತೊಳೆದುಕೊಳ್ಳುವುದು ಈ ಲೇಖನದ ಉದ್ದೇಶವಲ್ಲ. ಆಚರಣೆಗೆ ಬರುವ ನಾಲ್ಕು ಮಾತುಗಳಿವೆ. ಮೊದಲನೆಯದಾಗಿ, ಮಾರುವವನು ತನಗೆ ಗೊತ್ತಿರುವ ಕುಂದನ್ನು ಕೇಳುವ ಮೊದಲೇ ಹೇಳಲಿ. ಎರಡನೆಯದಾಗಿ, ಕೊಳ್ಳುವವನು ಸಂಕೋಚ ಬಿಟ್ಟು ಇಬ್ಬರು ಸಾಕ್ಷಿಗಳ ಮುಂದೆ ಕೇಳಲಿ: ಇದರಲ್ಲಿ ನಿಮಗೆ ಗೊತ್ತಿರುವ ಊನವೇನು? ಇದರ ಮೇಲೆ ಸಾಲವಿದೆಯೇ? ಅಪಘಾತ, ರಿಪೇರಿ, ರೋಗ ಆದದ್ದುಂಟೇ? ಕಾಗದ ಯಾರ ಹೆಸರಿನಲ್ಲಿದೆ? ಹಾಗೆ ಕೇಳಿದ ಮೇಲೆ ಸುಳ್ಳೂ ಮೌನವೂ ಒಂದೇ ಆಗುತ್ತವೆ. ಮೂರನೆಯದಾಗಿ, ಆ ಉತ್ತರಗಳನ್ನು ಒಂದು ಹಾಳೆಯ ಮೇಲೆ ಬರೆದು, ಯಂತ್ರದ ಚಾಸಿ ನಂಬರು, ಇಂಜಿನ್ ನಂಬರು, ಕೊಟ್ಟ ಹಣ, ತಾರೀಖು ಸಹಿತ ಇಬ್ಬರೂ ಸಹಿ ಹಾಕಲಿ. ನಾಲ್ಕನೆಯದಾಗಿ, ಎತ್ತಿಗಾಗಲಿ ಯಂತ್ರಕ್ಕಾಗಲಿ ಐದು ದಿನ ಹೂಡಿ ನೋಡುವ ಕರಾರು ಆ ಹಾಳೆಯಲ್ಲಿಯೇ ಇರಲಿ. ಇಷ್ಟರ ಮೇಲೆಯೂ ವ್ಯಾಜ್ಯ ಬಂದರೆ ತಾಲೂಕು ಕಾನೂನು ಸೇವಾ ಸಮಿತಿ ಮತ್ತು ಲೋಕ ಅದಾಲತ್ತುಗಳಿವೆ. ಮಹಿಳೆಯರಿಗೂ ಪರಿಶಿಷ್ಟ ಜಾತಿ-ಪಂಗಡದವರಿಗೂ ಅಲ್ಲಿ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ.

ಮಠದ ಅನ್ನ ಉಂಡು ಅಕ್ಷರ ಕಲಿತ ಹಳೆಯ ವಿದ್ಯಾರ್ಥಿಗಳಿಗೆ ಇಲ್ಲಿ ವಿಶೇಷವಾದ ಹೊಣೆಯಿದೆ. ನಿಮ್ಮಲ್ಲಿ ಮಾಸ್ತರರಿದ್ದೀರಿ, ವಕೀಲರಿದ್ದೀರಿ, ಬ್ಯಾಂಕಿನವರಿದ್ದೀರಿ, ಸೊಸೈಟಿಯ ಕಾರ್ಯದರ್ಶಿಗಳಿದ್ದೀರಿ. ನಿಮ್ಮ ಊರಿನಲ್ಲಿ ಅಕ್ಷರ ಬಾರದವನೊಬ್ಬನು ಹಳೆಯ ಗಾಡಿಗೆ ಇಸಾರ ಕೊಡಲು ಹೊರಟಾಗ ಆ ಒಂದು ಹಾಳೆಯನ್ನು ಬರೆದುಕೊಡಿರಿ, ಆರ್.ಸಿ. ಪುಸ್ತಕವನ್ನು ಓದಿ ಹೇಳಿರಿ, ಸಾಕ್ಷಿಗೆ ನಿಲ್ಲಿರಿ. ಗುರುದಕ್ಷಿಣೆಯೆಂದು ಇನ್ನೇನನ್ನೂ ಕೊಡಬೇಕಾಗಿಲ್ಲ. ಊರಿನ ಹಿರಿಯರಲ್ಲಿ ಬೇಡಿಕೆ ಇಷ್ಟೇ: ಮೋಸ ಹೋದವನು ನಿಮ್ಮ ಕಟ್ಟೆಗೆ ಬಂದಾಗ ಅವನ ಕಣ್ಣು ಎಲ್ಲಿದ್ದವೆಂದು ಕೇಳುವ ಮೊದಲು, ಮಾರಿದವನನ್ನು ಕರೆಸಿ ಅವನ ಬಾಯಿ ಎಲ್ಲಿತ್ತೆಂದು ಕೇಳಿರಿ. ಕುಂದು ಹೇಳಿ ಮಾರಿದವನ ಮನೆಯಲ್ಲಿ ನಾಲ್ಕು ಕಾಸು ಕಡಿಮೆಯಾಗಬಹುದು. ಅವನು ಮುಂದಿನ ಸಂತೆಗೆ ತಲೆಯೆತ್ತಿ ಹೋಗಬಲ್ಲನು, ಅವನ ಮಗನ ಮಾತನ್ನೂ ಜನ ನಂಬುವರು. ಆ ನಂಬಿಕೆಯನ್ನು ಉಳಿಸಿಕೊಳ್ಳುವ ಬುದ್ಧಿಯನ್ನು ಸಕಲರಿಗೂ ಗುರು ಬಸವಣ್ಣನವರು ಕರುಣಿಸಲಿ.